ರಸ್ತೆಗೆ ಹೆದರದ ಕುದುರೆ

ನನ್ನ ಅಬ್ಬಾ ಮೈಸೂರಿನಲ್ಲಿ ಜಟಕಾ ಓಡಿಸುತ್ತಿದ್ದರು. ಅಮೆರಿಕದ ರೆಸ್ಟನ್‌ನಲ್ಲಿರುವ ನನ್ನ ಆಫೀಸಿನಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ಮುಚ್ಚಿಡಬೇಕು ಅಂತೇನಲ್ಲ, ಸಾಫ್ಟ್‌ವೇರ್ ಟೆಸ್ಟಿಂಗ್ ಮೀಟಿಂಗಿನಲ್ಲಿ ಜಟಕಾದ ಮಾತು ಬರುವುದಾದರೂ ಎಲ್ಲಿಂದ? ಆದರೆ ನಾನು ಸವಾರಿ ಕಲಿತ ಲಾಯದ ಯಜಮಾನಿಗೆ ಮೊದಲ ಭೇಟಿಯಲ್ಲೇ ಹೇಳಿಬಿಟ್ಟಿದ್ದೆ. ಕುದುರೆಯ ಬೆವರಿನ ವಾಸನೆ ಮೂಗಿಗೆ ಬಡಿದದ್ದೇ, ಬಾಯಿ ತಾನಾಗಿ ಬಿಚ್ಚಿಕೊಂಡಿತು.

ಅದು ಎರಡು ಸಾವಿರದ ಇಪ್ಪತ್ತರ ಬೇಸಿಗೆ. ಆಫೀಸು ಮುಚ್ಚಿತ್ತು. ಗಂಡ ಕೆಲಸದ ಮೇಲೆ ದೂರದ ಅಲ್ಫರೆಟಾ ಊರಿನಲ್ಲಿ ಸಿಕ್ಕಿಕೊಂಡಿದ್ದ. ಮನೆಯಲ್ಲಿ ನಾನು ಮತ್ತು ನನ್ನ ಅಮ್ಮಿ, ಇಬ್ಬರೇ. ಸಂಜೆ ಲ್ಯಾಪ್‌ಟಾಪ್ ಮುಚ್ಚಿದ ಮೇಲೆ ಸುಮ್ಮನೆ ಕಾರು ತೆಗೆದುಕೊಂಡು ಪಶ್ಚಿಮಕ್ಕೆ ಹೋಗುತ್ತಿದ್ದೆ. ಅರ್ಧ ಗಂಟೆ ಹೋದರೆ ಟೌನ್‌ಹೌಸುಗಳೂ ಡೇಟಾ ಸೆಂಟರುಗಳೂ ಮುಗಿದು ಕಪ್ಪು ಮರದ ಬೇಲಿಗಳು, ಹುಲ್ಲುಗಾವಲು, ಕುದುರೆಗಳು. ಒಂದು ದಿನ ಸವಾರಿ ಕಲಿಸುತ್ತೇವೆ ಎಂಬ ಬೋರ್ಡು ನೋಡಿ ಗಾಡಿ ತಿರುಗಿಸಿದೆ. ಯಜಮಾನಿ ಎಪ್ಪತ್ತು ದಾಟಿದ ಹೆಂಗಸು, ಒಣಗಿದ ಕೊರಡಿನ ಹಾಗಿದ್ದಳು. ನನ್ನ ಕಥೆ ಕೇಳಿ, "ಹಾಗಾದರೆ ನಿನಗೆ ಕುದುರೆ ಏರಲು ಗೊತ್ತಿರಬೇಕು" ಅಂದಳು.

"ಇಲ್ಲ. ಜಟಕಾದವರು ಕುದುರೆ ಏರುವುದಿಲ್ಲ. ಹಿಂದೆ ಕೂರುತ್ತಾರೆ."

ಅವಳು ನಕ್ಕಳು. ಕಲಿಸಲು ಒಪ್ಪಿದಳು.

ಅಮ್ಮಿಗೆ ಇದು ಒಂದಿಷ್ಟೂ ಹಿಡಿಸಲಿಲ್ಲ. ನಮ್ಮ ಮನೆಮಾತು ಉರ್ದು. ಅಮ್ಮಿ ಬೈಯುವುದು ಮಾತ್ರ ಕನ್ನಡದಲ್ಲಿ, ಯಾಕೆಂದರೆ ಜಗಳವನ್ನು ಅವರು ಕಲಿತದ್ದು ಮಂಡಿ ಮೊಹಲ್ಲಾದ ಬೀದಿ ನಲ್ಲಿಯ ಮುಂದೆ. "ಮದುವೆಯಾದ ದಿನದಿಂದ ಲದ್ದಿ ಬಾಚಿದೆ. ನಿಮ್ಮಪ್ಪ ಹೋದ ಮೇಲಾದ್ರೂ ಆ ವಾಸನೆ ತಪ್ಪಿತು ಅಂದ್ಕೊಂಡಿದ್ದೆ. ಸಮುದ್ರ ದಾಟಿ ಬಂದು ಮಗಳು ಮತ್ತೆ ಅದನ್ನೇ ಮೈಗೆ ಬಳ್ಕೊಂಡು ಬರ್ತಾಳೆ" ಅಂದರು. ನನ್ನ ಬೂಟುಗಳನ್ನೂ ಬಟ್ಟೆಗಳನ್ನೂ ಗ್ಯಾರೇಜಿನಿಂದ ಒಳಗೆ ಬಿಡಲಿಲ್ಲ. ಎಷ್ಟು ಕರೆದರೂ ಲಾಯದ ಕಡೆ ಒಂದು ಸಲವೂ ಬರಲಿಲ್ಲ.

ಮರುವರ್ಷ ನನ್ನದೇ ಒಂದು ಕುದುರೆ ಬಂತು. ಪೆನ್ಸಿಲ್ವೇನಿಯಾದಲ್ಲಿ ಕಾರು ಬಳಸದೆ ಕುದುರೆಗಾಡಿಯಲ್ಲೇ ಓಡಾಡುವ ಪಂಥದವರಿದ್ದಾರಲ್ಲ, ಅವರ ಮನೆಯಲ್ಲಿ ವರ್ಷಗಟ್ಟಲೆ ಗಾಡಿ ಎಳೆದು ದಣಿದಿದ್ದ ಕುದುರೆ. ಹರಾಜಿನಲ್ಲಿ ಕಸಾಯಿಖಾನೆಯ ಟ್ರಕ್ಕಿಗೆ ಹತ್ತಬೇಕಾಗಿದ್ದವನನ್ನು ಯಜಮಾನಿಯ ಪರಿಚಯದವರು ಬಿಡಿಸಿ ತಂದಿದ್ದರು. ದೊಡ್ಡ ತಲೆ, ಉದ್ದ ಬೆನ್ನು, ಎದೆಯ ಮೇಲೆ ಗಾಡಿಯ ಪಟ್ಟಿ ಉಜ್ಜಿ ಉಜ್ಜಿ ರೋಮ ಹೋದ ಗುರುತು. ಆ ಗುರುತನ್ನು ನೋಡಿದ ಮೇಲೆ ಬೇರೆ ಕುದುರೆ ನೋಡಲು ನಾನು ಒಪ್ಪಲಿಲ್ಲ.

ಅವನಿಗೆ ಕುಲುಕುತ್ತಾ ಸಾಗುವ ದುಲಕಿ ಓಟ ಬಿಟ್ಟು ಬೇರೆ ಬರುತ್ತಿರಲಿಲ್ಲ. ನೆಗೆದು ಓಡಿದರೆ ಗಾಡಿ ಮಗುಚುತ್ತದೆಂದು ಮರಿಯಿದ್ದಾಗಲೇ ಅದನ್ನು ಹೊಡೆದು ಬಿಡಿಸಿರುತ್ತಾರಂತೆ. ನಾಗಾಲೋಟ ಕಲಿಸಲು ಒಂದು ಇಡೀ ಚಳಿಗಾಲ ಹಿಡಿಯಿತು. ಆದರೆ ರಸ್ತೆಯ ಮೇಲೆ ಅವನಂಥವನಿಲ್ಲ. ಲಾರಿ, ಸ್ಕೂಲ್ ಬಸ್ಸು, ಮೋಟರ್‌ಸೈಕಲ್ಲು ಏನೇ ಮೈಸವರಿ ಹೋದರೂ ಕಿವಿ ಅಲ್ಲಾಡಿಸುತ್ತಿರಲಿಲ್ಲ. ಸ್ಟಾಪ್ ಸೈನ್ ಕಂಡರೆ ತಾನಾಗಿ ನಿಲ್ಲುತ್ತಿದ್ದ.

ಯಜಮಾನಿಯೇ ನಮ್ಮನ್ನು ನರಿಬೇಟೆಗೆ ಕರೆದುಕೊಂಡು ಹೋದದ್ದು. ಆ ಕಡೆಯ ಬೇಟೆ ಎಂದರೆ ನಾಯಿಗಳ ಗುಂಪು ನರಿಯ ವಾಸನೆ ಹಿಡಿದು ಓಡುವುದು, ಕೆಂಪು ಕೋಟಿನವನೊಬ್ಬ ಕಹಳೆ ಊದುತ್ತಾ ಅವುಗಳ ಬೆನ್ನು ಹತ್ತುವುದು, ಮಿಕ್ಕ ಸವಾರರು ಅವನ ಹಿಂದೆ. ನರಿ ಬಿಲ ಸೇರಿದರೆ ಮುಗಿಯಿತು, ಎಲ್ಲರೂ ಮನೆಗೆ. ನಾನು ಹೋದ ಎರಡು ಚಳಿಗಾಲದಲ್ಲಿ ಒಂದು ನರಿಯೂ ಸತ್ತದ್ದನ್ನು ನೋಡಲಿಲ್ಲ. ಮುಂದಿನ ಸಾಲಿನಲ್ಲಿ ಬೇಲಿ ಹಾರುವ ಎತ್ತರದ ಥರೋಬ್ರೆಡ್‌ಗಳು, ನಮ್ಮ ಭಾಷೆಯಲ್ಲಿ ಜಾತಿ ಕುದುರೆಗಳು. ಕೊನೆಯ ಸಾಲಿನಲ್ಲಿ ಬೇಲಿ ಹಾರದೆ ಗೇಟು ತೆಗೆದುಕೊಂಡು ಹೋಗುವ ನಾವು: ಹೇಸರಗತ್ತೆಯ ಮೇಲೊಬ್ಬ ನಿವೃತ್ತ ಟೀಚರು, ನೇಗಿಲು ಎಳೆಯುವ ತಳಿಯ ದೈತ್ಯನ ಮೇಲೊಬ್ಬ ದಂತವೈದ್ಯ, ಜಟಕಾ ಕುದುರೆಯ ಮೇಲೆ ನಾನು. ಯಾರೂ ಕೆಟ್ಟದಾಗಿ ನಡೆದುಕೊಳ್ಳಲಿಲ್ಲ. ನನ್ನ ಕುದುರೆ ನೋಡಿ "ಹೌ ಇಂಟರೆಸ್ಟಿಂಗ್" ಅನ್ನುತ್ತಿದ್ದರು, ಮುಂದೆ ಹೋಗುತ್ತಿದ್ದರು.

ಬೇಟೆಯ ಮುಖ್ಯಸ್ಥನಿಗೆ ಇವನ ಬೆಲೆ ಗೊತ್ತಾದದ್ದು ಒಂದು ರಸ್ತೆ ದಾಟುವಾಗ. ಎದುರಿಗೆ ಕಸದ ಲಾರಿ ಬಂದು ಜಾತಿ ಕುದುರೆಗಳೆಲ್ಲ ಹಿಂಗಾಲ ಮೇಲೆ ಎದ್ದು ಚೆಲ್ಲಾಪಿಲ್ಲಿಯಾದವು. ನನ್ನವನು ನಡುರಸ್ತೆಯಲ್ಲಿ ಕಂಬದ ಹಾಗೆ ನಿಂತಿದ್ದ. ಲಾರಿಯವನೇ ನಿಲ್ಲಿಸಿ ನಾಯಿಗಳನ್ನು ದಾಟಲು ಬಿಟ್ಟ. ಅವತ್ತಿನಿಂದ ರಸ್ತೆ ಬಂದರೆ ಮುಖ್ಯಸ್ಥ ಕೊನೆಯ ಸಾಲಿನ ಕಡೆ ಕೈಬೀಸುತ್ತಿದ್ದ. "ನಿನ್ನ ಹುಡುಗನನ್ನು ಕರ್ಕೊಂಡು ಬಾ, ಟ್ರಾಫಿಕ್ ನಿಲ್ಲಿಸು." ಎಲ್ಲರನ್ನೂ ದಾಟಿಕೊಂಡು ಮುಂದೆ ಹೋಗುವಾಗ ನನ್ನ ಬೆನ್ನು ನೆಟ್ಟಗಾಗುತ್ತಿತ್ತು. ಜನ ದಾರಿ ಬಿಡುತ್ತಿದ್ದರು.

ಅದು ಎರಡನೆಯ ಚಳಿಗಾಲ, ಫೆಬ್ರವರಿಯ ಒಂದು ಬೆಳಿಗ್ಗೆ. ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು, ಸೂರ್ಯ ಇನ್ನೂ ಕೆಳಗಿದ್ದ. ನಾಯಿಗಳು ಕೂಗುತ್ತಾ ಕಾಡಿನಂಚಿನಿಂದ ಇಳಿದು ನೇರ ರಸ್ತೆಗೇ ಬರುತ್ತಿದ್ದವು. ಮುಖ್ಯಸ್ಥ ಕೈಬೀಸಿದ. ನಾನು ಕುದುರೆಯನ್ನು ರಸ್ತೆಗೆ ಅಡ್ಡಲಾಗಿ ನಿಲ್ಲಿಸಿ ದಿಬ್ಬದ ಕಡೆ ಕೈ ಎತ್ತಿ ಹಿಡಿದೆ. ನಾಯಿಗಳು ಕುದುರೆಯ ಕಾಲ ಸಂದಿಯಿಂದಲೇ ನುಗ್ಗಿ ದಾಟತೊಡಗಿದವು.

ಪಿಕಪ್ ಟ್ರಕ್ಕೊಂದು ದಿಬ್ಬ ಏರಿ ಬಂತು. ನಿಲ್ಲಿಸುತ್ತಾನೆ ಅಂದುಕೊಂಡೆ, ಎಲ್ಲರೂ ನಿಲ್ಲಿಸುತ್ತಿದ್ದರು. ನಿಲ್ಲಿಸುವುದಿಲ್ಲ ಎಂದು ಗೊತ್ತಾದಾಗ ಹಿಮ್ಮಡಿಯಿಂದ ಒದ್ದೆ. ಮತ್ತೆ ಒದ್ದೆ. "ನಡಿಯೋ, ನಡಿಯೋ" ಎಂದು ಕನ್ನಡದಲ್ಲಿ ಕಿರುಚಿದೆ. ಅವನು ಕದಲಲಿಲ್ಲ. ಗಾಡಿ ಬಂದರೆ ಅಲುಗಾಡದೆ ನಿಲ್ಲಬೇಕು, ಅದು ಪಕ್ಕದಲ್ಲಿ ಹೋಗುತ್ತದೆ ಎಂದು ಅವನ ಜೀವಮಾನವಿಡೀ ಕಲಿಸಿದ್ದರು. ಬ್ರೇಕಿನ ಸದ್ದು ಕೇಳಿಸಿತು. ಆಮೇಲೆ ನಾನು ಚರಂಡಿಯ ಕಲ್ಲುಗಳ ಮೇಲಿದ್ದೆ, ಸೊಂಟದಿಂದ ಕೆಳಗೆ ಏನೂ ನನ್ನದಲ್ಲ ಅನಿಸುತ್ತಿತ್ತು.

ಕುದುರೆ ರಸ್ತೆಯಲ್ಲಿ ಬಿದ್ದಿದ್ದ. ಮುಂಗಾಲುಗಳನ್ನು ಊರಿ ಏಳಲು ನೋಡುತ್ತಿದ್ದ, ಹಿಂಭಾಗ ಜೊತೆಗೆ ಬರುತ್ತಿರಲಿಲ್ಲ. ಮತ್ತೆ ಊರುವುದು, ಮತ್ತೆ ಕುಸಿಯುವುದು. ಟ್ರಕ್ಕಿನಿಂದ ಇಳಿದ ಹುಡುಗ, ಎಲೆಕ್ಟ್ರಿಷಿಯನ್ ಅಂತ ಆಮೇಲೆ ತಿಳಿಯಿತು, ತಲೆಯ ಮೇಲೆ ಕೈ ಹೊತ್ತು "ಓ ಗಾಡ್, ಓ ಗಾಡ್" ಅನ್ನುತ್ತಾ ಸುತ್ತುತ್ತಿದ್ದ. ಮುಖ್ಯಸ್ಥ ನನ್ನ ಪಕ್ಕ ಮೊಣಕಾಲೂರಿದ. ಟೋಪಿ ತೆಗೆದಿದ್ದ.

"ಅವನ ಬೆನ್ನು ಮುರಿದಿದೆ. ಕಾಯಿಸುವುದು ಬೇಡ. ಒಪ್ಪಿಗೆನಾ?"

"ಬೇಗ ಮಾಡಿ" ಅಂದೆ.

ನಾಯಿಗಳನ್ನು ಸಾಕುವವನು ತನ್ನ ವ್ಯಾನಿನಿಂದ ಪಿಸ್ತೂಲು ತಂದ. ಯಜಮಾನಿ ನನ್ನ ಮುಖಕ್ಕೆ ತನ್ನ ಕೋಟು ಅಡ್ಡ ಹಿಡಿದಳು. ಶಬ್ದ ಚಿಕ್ಕದಾಗಿತ್ತು. ಕಹಳೆ ಆಗಲೇ ದೂರದ ಹೊಲದಲ್ಲಿತ್ತು, ನಾಯಿಗಳು ನಿಂತಿರಲಿಲ್ಲ.

ಆಸ್ಪತ್ರೆಯಲ್ಲಿ ಸೊಂಟದ ಮೂಳೆಗೆ ಸ್ಟೀಲ್ ಪ್ಲೇಟು ಹಾಕಿದರು. ಇನ್ನೂ ಅಲ್ಫರೆಟಾದಲ್ಲೇ ಕೆಲಸದಲ್ಲಿದ್ದ ಗಂಡ ಮರುದಿನ ಬಂದು, "ಅವರನ್ನ ಸೂ ಮಾಡೋಣ, ಕೋರ್ಟಿಗೆ ಎಳೆಯೋಣ" ಎಂದು ಹಾಸಿಗೆಯ ಸುತ್ತ ಓಡಾಡಿದ. ಯಾರನ್ನು ಅಂತ ಕೇಳಿದೆ. ಅವನಿಗೂ ಗೊತ್ತಿರಲಿಲ್ಲ. ಅವನು ಊಟಕ್ಕೆ ಇಳಿದಾಗ ಯಜಮಾನಿ ಬಂದಳು, ಬೂಟಿನಲ್ಲಿ ಇನ್ನೂ ಕೆಸರು. ಕುದುರೆಯನ್ನು ಎಲ್ಲಿ ಹೂತಿರಿ ಎಂದು ಕೇಳಿದೆ.

ಅವಳು ಕಣ್ಣು ತಪ್ಪಿಸಲಿಲ್ಲ. "ಹೂಳಲಿಲ್ಲ. ನಾಯಿಗಳಿಗೆ ಹೋಯಿತು. ಬೇಟೆಯಲ್ಲಿ ಬಿದ್ದ ಕುದುರೆ ಬೇಟೆನಾಯಿಗಳಿಗೆ ಹೋಗುತ್ತೆ. ನಮ್ಮಲ್ಲಿ ಅದು ಗೌರವ. ನನ್ನ ಕುದುರೆಗಳೂ ಹಾಗೇ ಹೋಗಿವೆ. ನಿನ್ನನ್ನು ಕೇಳಬೇಕಿತ್ತು, ಆದರೆ ನಿನಗೆ ಅರಿವಳಿಕೆ ಕೊಟ್ಟುಬಿಟ್ಟಿದ್ದರು."

ಅವಳು ಹೋದ ಮೇಲೆ, ಮೂಲೆಯ ಕುರ್ಚಿಯಲ್ಲಿ ತಸ್ಬಿಯ ಜಪಮಣಿ ಹಿಡಿದು ಕೂತಿದ್ದ ಅಮ್ಮಿ ಕೇಳಿದರು, ಏನಂತೆ ಎಂದು. ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಕನ್ನಡವೇನೋ ಬಂತು, ದನಿ ಮಾತ್ರ ಏರಲಿಲ್ಲ.

"ನಿಮ್ಮಪ್ಪನ ಕೊನೇ ಕುದುರೆ ಎಲ್ಲಿಗೆ ಹೋಯ್ತು ಅಂತ ನಿನ್ನ ಲೆಕ್ಕ?"

"ನಂಜನಗೂಡಿನ ಹತ್ತಿರ ಯಾರದೋ ತೋಟಕ್ಕೆ. ನೀವೇ ಹೇಳಿದ್ರಲ್ಲ, ಅಲ್ಲಿ ಆರಾಮಾಗಿದೆ ಅಂತ."

"ತೋಟಾನೂ ಇಲ್ಲ, ಏನೂ ಇಲ್ಲ. ಚರ್ಮದೋನು ಬಂದಿದ್ದ. ನಿಮ್ಮಪ್ಪ ಹಗ್ಗ ಅವನ ಕೈಲಿ ಕೊಟ್ಟು ಒಳಗೆ ಬಂದು ಗೋಡೆ ಕಡೆ ತಿರುಗಿ ಮಲಗಿದ್ರು. ಕರೆದರೆ ಓಗೊಡಲಿಲ್ಲ, ಅನ್ನ ಮುಟ್ಟಲಿಲ್ಲ."

"ನನಗ್ಯಾಕೆ ಹೇಳಲಿಲ್ಲ?"

"ನೀನು ಮಗು. ಹೇಳಿ ಏನು ಮಾಡಬೇಕಿತ್ತು?"

"ಈಗ್ಯಾಕೆ ಹೇಳಿದ್ರಿ ಹಾಗಾದ್ರೆ?"

ಅಮ್ಮಿ ಎದ್ದು ಬಂದು ನನ್ನ ಕಾಲ ಮೇಲಿನ ಹೊದಿಕೆ ಸರಿಮಾಡಿದರು. ಆ ರಾತ್ರಿ ನಾನು ಆ ಎರಡು ಕುದುರೆಗಳನ್ನೂ ಕಣ್ಣ ಮುಂದೆ ತಂದುಕೊಳ್ಳಲು ಹೋಗಿ, ಒಂದರ ಮುಖವೂ ಸರಿಯಾಗಿ ನೆನಪಾಗದೆ ಒದ್ದಾಡಿದೆ.

ಬೇಟೆಯವರು ಒಳ್ಳೆಯವರು. ಹೂವು ಕಳಿಸಿದರು, ಹಂದಿಮಾಂಸ ಇಲ್ಲದಂತೆ ನೋಡಿಕೊಂಡು ಅಡುಗೆ ಮಾಡಿ ತಂದರು. ಮುಂದಿನ ಸಾಲಿನ ಒಬ್ಬಾಕೆ ನನ್ನ ಕೈ ಹಿಡಿದು, "ಥರೋಬ್ರೆಡ್ ಆಗಿದ್ದರೆ ಪಕ್ಕಕ್ಕೆ ಹಾರಿಬಿಡುತ್ತಿತ್ತು. ಬೇಟೆಗೆ ತಕ್ಕ ಕುದುರೆ ಇರಬೇಕು ಕಣೇ" ಅಂದಳು. ಪಾಪ, ಸಮಾಧಾನಕ್ಕೆಂದೇ ಅಂದದ್ದು. ಹೌದು, ಹಾರಿಬಿಡುತ್ತಿತ್ತು. ಥರೋಬ್ರೆಡ್ ಆಗಿದ್ದರೆ ಅಲ್ಲಿ ನಿಲ್ಲಿಸುತ್ತಲೂ ಇರಲಿಲ್ಲ. ಅದನ್ನು ಹೇಳಲಿಲ್ಲ, ಥ್ಯಾಂಕ್ಸ್ ಅಂದೆ. ಬೇಸಿಗೆಯ ಹೊತ್ತಿಗೆ ಯಾರ ಫೋನೂ ಬರುತ್ತಿರಲಿಲ್ಲ.

ನಾನು ವಾಕರ್ ಹಿಡಿದು ಮನೆಯೊಳಗೆ ಓಡಾಡತೊಡಗಿದ್ದ ದಿನಗಳಲ್ಲಿ ಒಂದು ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ಆ ಟ್ರಕ್ಕಿನ ಹುಡುಗ. ಕೈಯಲ್ಲಿ ಅಂಗಡಿಯ ಕೇಕು. ಲಾಯಕ್ಕೆ ಹೋಗಿ ವಿಳಾಸ ಕೇಳಿಕೊಂಡು ಬಂದಿದ್ದನಂತೆ. ಯಾರೆಂದು ತಿಳಿದ ಮೇಲೂ ಅಮ್ಮಿ ಅವನನ್ನು ಸೋಫಾದ ಮೇಲೆ ಕೂರಿಸಿ ಚಹಾ ಕೊಟ್ಟರು. ಅವನು ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಆ ರಸ್ತೆಯಲ್ಲಿ ಹೋಗಲು ಆಗುತ್ತಿಲ್ಲ, ಅಲ್ಲಿಯ ಕೆಲಸವನ್ನೆಲ್ಲ ಬಿಟ್ಟುಬಿಟ್ಟೆ ಎಂದು ಹೇಳಿದ.

ಅಮ್ಮಿ ನನ್ನ ಕಡೆ ತಿರುಗಿದರು. "ಅವನನ್ನ ಕೇಳು. ಕುದುರೆ ಯಾವ ಬಣ್ಣ ಇತ್ತು?"

ನನ್ನನ್ನು ಅವರು ಯಾವತ್ತೂ ಕೇಳಿರಲಿಲ್ಲ. ಇಂಗ್ಲಿಷಿಗೆ ತಿರುಗಿಸಿ ಕೇಳಿದೆ.

ಅವನು ಕಪ್ಪನ್ನು ಕೆಳಗಿಟ್ಟ. "ಗೊತ್ತಿಲ್ಲ ಮ್ಯಾಮ್. ದಿಬ್ಬ ಹತ್ತುತ್ತಲೂ ಬಿಸಿಲು ನೇರ ಕಣ್ಣಿಗೆ ಹೊಡೀತು. ಕಪ್ಪಗೆ ಏನೋ ನಿಂತಿದೆ ಅಂತ ಮಾತ್ರ ಕಂಡಿದ್ದು. ಆಮೇಲೆ ಅದರ ಕಡೆ ನೋಡೋಕೆ ನನ್ನ ಕೈಲಿ ಆಗಲಿಲ್ಲ."

"ಕಂದು" ಎಂದು ನಾನೇ ಅಮ್ಮಿಗೆ ಹೇಳಿದೆ. "ಬಾಲ ಕಪ್ಪು."

ಅಮ್ಮಿ ತಲೆಯಾಡಿಸಿದರು. ಹುಡುಗ ಚಹಾ ಕುಡಿಯದೆ ಎದ್ದ. ಬಾಗಿಲವರೆಗೆ ಹೋದ ಅಮ್ಮಿ, ಅವನ ತೋಳು ಮುಟ್ಟಿ ಉರ್ದುವಿನಲ್ಲಿ ಏನೋ ಅಂದರು. ಅವನಿಗೆ ಅರ್ಥವಾಗಲಿಲ್ಲ, ನನಗೆ ಕೇಳಿಸಲಿಲ್ಲ.

ಸೊಂಟ ಕೂಡಿಕೊಂಡಿತು, ತುಸು ಓರೆಯಾಗಿ. ಆಫೀಸು ತೆರೆದಿದೆ. ಪಾರ್ಕಿಂಗಿನಿಂದ ಲಿಫ್ಟಿನವರೆಗೆ ನಡೆಯುವಾಗ ಎಡಗಾಲು ಎಳೆಯುತ್ತದೆ. ಏನಾಯಿತು ಅಂತ ಕೇಳಿದವರಿಗೆ ಬಿದ್ದೆ ಅನ್ನುತ್ತೇನೆ. ಆ ವರ್ಷದ ಸೆಪ್ಟೆಂಬರಿನಲ್ಲಿ ಯಜಮಾನಿ ಫೋನ್ ಮಾಡಿದಳು. ನನ್ನ ಕುದುರೆ ಇದ್ದ ಜಾಗ ಅಷ್ಟು ದಿನದಿಂದ ಖಾಲಿ ಇತ್ತು, ಇನ್ನೊಬ್ಬರ ಕುದುರೆ ಬರುವುದಿತ್ತು. ನಿನಗೆ ಬೇಕಿದ್ದರೆ ಉಳಿಸಿಕೊಳ್ಳುತ್ತೇನೆ, ನೀನು ಮತ್ತೆ ಏರುವುದಾದರೆ, ಅಂದಳು.

"ಬೇಡ" ಅಂದೆ. "ಅವರಿಗೇ ಕೊಡಿ."

ಸರಿ ಅಂದಳು. ಆ ಕಡೆ ಬಕೆಟ್ಟಿನ ಸದ್ದು, ಯಾವುದೋ ಕುದುರೆ ಮೂಗು ಸೀಟಿದ್ದು ಕೇಳಿಸಿತು.