ಪೋರ್ಚುಗಲ್ಲಿಗೆ ಹೊರಟಿದ್ದ ಕವಲಂದೆ ಟೈಲರಣ್ಣ

ಮೊದಲು ಕಂಡದ್ದು ಹೆಬ್ಬೆರಳು. ವಾಟ್ಸಾಪಿನ ಫೋಟೋದಲ್ಲಿ ಅರ್ಧ ಮುಖ. ಉಳಿದರ್ಧಕ್ಕೆ ಅಡ್ಡವಾಗಿ, ಕತ್ತರಿ ಹಿಡಿದು ಹಿಡಿದು ಚಪ್ಪಟೆಯಾದ ದಪ್ಪ ಹೆಬ್ಬೆರಳು. ತಾವೇ ತೆಗೆದುಕೊಂಡ ಫೋಟೋ ಅದು. "ಬೇರೆ ಹಾಕಣ್ಣ" ಎಂದರೆ, "ನಂಗೆ ಅನ್ನ ಆಕೋದು ಬೆರಳು ಕಣ್ರೀ, ಮೊಕ ಅಲ್ಲ" ಎನ್ನುತ್ತಿದ್ದರು.

ಅಜ್ಜಿಯರ ಕತೆ ಹಂಚಿಕೊಳ್ಳುವ ನಮ್ಮ ಗುಂಪಿಗೆ ಕವಲಂದೆಯ ಈ ಟೈಲರಣ್ಣನೇ ಜೀವ. ರಾತ್ರಿ ಹೊಲಿಗೆ ಮಿಷನ್ನಿನ ಸದ್ದಿನ ನಡುವೆಯೇ ಕತೆ ಹೇಳಿ ವಾಯ್ಸ್ ಮೆಸೇಜು ಕಳಿಸುತ್ತಿದ್ದರು. ಒಂದು ತುಂಡು ಹೇಳಿ ನಿಲ್ಲಿಸುವರು. ಇಬ್ಬರಾದರೂ "ಹೂಂ" ಎಂದು ಬರೆದರೇ ಮುಂದಿನ ತುಂಡು. ಹೂಂಗುಟ್ಟುವವರಿಲ್ಲದೆ ಕತೆ ಹೇಳಬಾರದು ಅನ್ನುವುದು ಅವರವ್ವ ಹಾಕಿಕೊಟ್ಟ ಕಟ್ಟಳೆ.

ನಾನು ನಂಜನಗೂಡಿನಲ್ಲಿ ಗೇಟು, ಗ್ರಿಲ್ಲು ಮಾಡುವವನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ. ನಾನು ಹಾಕಿದ ವೆಲ್ಡಿಂಗು ಇವತ್ತಿನವರೆಗೆ ಒಂದೂ ಬಿಟ್ಟುಕೊಂಡಿಲ್ಲ; ಅದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಆದರೆ ಗುಂಪಿನಲ್ಲಿ ರಿಟೈರಾದ ಬ್ಯಾಂಕ್ ಮ್ಯಾನೇಜರ್ರು, ನರಸೀಪುರದ ಟೀಚರಮ್ಮ, ಹೀಗೆ ಓದಿದವರೇ ಇದ್ದರು. ಬಾಯಿ ಬಿಟ್ಟರೆ ನಕ್ಕಾರು ಎಂದು ಎರಡು ವರ್ಷ ಬರೀ ಓದಿಕೊಂಡಿದ್ದೆ.

ಓದಲು ಮಜವೂ ಇತ್ತು. ಒಮ್ಮೆ ಮ್ಯಾನೇಜರ್ರು, "ರಿಟೈರಾದವರು ಪೋರ್ಚುಗಲ್ಲಿಗೆ ಹೋಗಿ ನೆಲೆಸಬಹುದಂತೆ. ಇಡೀ ಗುಂಪೇ ಹೊರಟುಬಿಡೋಣ" ಎಂದರು.

"ಅಲ್ಲಿ ಉಣಸೆ ಮರ ಅದಾ ಸಾ?" ಟೈಲರಣ್ಣ ಕೇಳಿದರು.

"ಯಾಕಣ್ಣ, ಸಾರಿಗಾ?" ಎಂದರು ಮ್ಯಾನೇಜರ್ರು.

"ನಮ್ಮೂರ್ ದೆವ್ವ ನನ್ನ ಬುಟ್ಟು ಇರಾಕಿಲ್ಲ. ಜೊತೇಲಿ ಬಂದ್ರೆ ಅದುಕ್ಕೊಂದು ಮನೆ ಬ್ಯಾಡ್ವಾ?"

"ದೆವ್ವಕ್ಕೆ ವೀಸಾ ಕೊಡಲ್ಲ ಕಣಣ್ಣ" ಎಂದರು ಟೀಚರಮ್ಮ.

"ಅದ್ರ ಪಾದ ಇಂದುಮುಂದು ಕಣವ್ವ. ಒಳೀಕ್ ಬತ್ತಾ ಅದೋ, ಒರೀಕ್ ಓಯ್ತಾ ಅದೋ, ಆಪೀಸರ್ಗೆ ಎಂಗ್ ಗೊತ್ತಾದದು?"

ಗ್ರೈಂಡರ್ ಆಫ್ ಮಾಡಿ ನಕ್ಕಿದ್ದೆ.

ಒಂದು ಸಂಜೆ ಅವರದೇ ಫೋನು. "ಏನ್ಲಾ ನಂಜನಗೂಡು, ಎಲ್ಲಾನೂ ಓದ್ತೀಯ, ಒಂದ್ ದಪಾನೂ ಊಂ ಅನ್ನಾಕಿಲ್ಲ. ನಿಮ್ಮಜ್ಜಿ ನಿಂಗೆ ಕತೆ ಏಳಿಲ್ವಾ?"

"ನಾನು ಏಳನೇ ಕ್ಲಾಸಣ್ಣ. ಅವರ ಮುಂದೆ ಏನ್ ಹೇಳ್ಲಿ?"

"ನಿನ್ ಪೋಟದಲ್ಲಿ ಗೇಟ್ ಮ್ಯಾಲೆ ನವಿಲು ಕೂತದಲ್ಲ, ಅದೇನು ನಿನ್ ಮಾರ್ಕ್ಸ್ ಕಾರ್ಡ್ ಕೇಳ್ತಾ?"

ಆ ಮಾತಿನ ಬಿಸಿಯಲ್ಲೇ ಮಾರನೆಯ ದಿನ ಬೆಳಿಗ್ಗೆ ಹತ್ತಕ್ಕೆ, ದೆವ್ವಕ್ಕೆ ಮುದ್ದೆ ತಿರುವಲು ಕಲಿಸಿದ ಮುದುಕಿಯ ಕತೆ ಹೇಳತೊಡಗಿದೆ. ಪಾದ ಹಿಂದಾದ್ದರಿಂದ ದೆವ್ವ ಒಲೆಗೆ ಬೆನ್ನು ಹಾಕಿ ನಿಲ್ಲುತ್ತದೆ, ಅಲ್ಲಿಗೆ ಬಂದಿದ್ದೆ. ಮ್ಯಾನೇಜರ್ರು ಬರೆದರು: "ಹಗಲು ಕತೆ ಹೇಳಿದರೆ ದಾರಿಹೋಕರು ದಾರಿ ತಪ್ಪುತ್ತಾರೆ. ಇಷ್ಟೂ ಗೊತ್ತಿಲ್ಲವೇ?"

ನಿಜ. ನಮ್ಮಜ್ಜಿಯೂ ದೀಪ ಹಚ್ಚಿದ ಮೇಲೆಯೇ ಹೇಳುತ್ತಿದ್ದಳು, ಮರೆತೇ ಹೋಗಿತ್ತು. ಕಿವಿ ಕಾದ ಕಬ್ಬಿಣವಾಯಿತು. ಗುಂಪು ಬಿಟ್ಟೇಬಿಡೋಣ ಎನ್ನುವಷ್ಟರಲ್ಲಿ ಟೈಲರಣ್ಣನ ದನಿ ಬಂತು.

"ಮ್ಯಾನೇಜರ್ ಸಾ, ನಾವು ಓಗೋ ಪೋರ್ಚುಗಲ್ನಲ್ಲಿ ಇನ್ನೂ ಬೆಳಕಾಗಿಲ್ಲ. ಇಂವ ಅಲ್ಲಿ ಟೈಮಿಗೆ ಏಳ್ತಾವ್ನೆ. ಮುಂದ್ಕೆ ಏಳ್ಲಾ. ಊಂ!"

ಮೊದಲು ಟೀಚರಮ್ಮನ ಹೂಂ, ಆಮೇಲೆ ಸಾಲಾಗಿ ಎಷ್ಟೋ ಹೂಂ. ಕೊನೆಯದು ಮ್ಯಾನೇಜರ್ರದು. ಕತೆ ಮುಗಿಸಿ ನೋಡಿದರೆ ಟೀ ಆರಿ ಕೆನೆ ಕಟ್ಟಿತ್ತು. ಅಲ್ಲಿಂದ ಮುಂದೆ ನನ್ನ ಬಾಯಿ ಮುಚ್ಚಿಸುವುದೇ ಗುಂಪಿನವರಿಗೆ ಕಷ್ಟವಾಯಿತು.

ಹೋದ ಚಳಿಗಾಲದಲ್ಲಿ ಟೈಲರಣ್ಣ ಮಿಷನ್ ಮುಂದೆ ಕೂತಲ್ಲೇ ಎದೆ ಹಿಡಿದುಕೊಂಡವರು ಮತ್ತೆ ಏಳಲಿಲ್ಲ. ಒಟ್ಟಿಗೆ ಪೋರ್ಚುಗಲ್ಲಿಗೆ ಹೊರಟವರು ನಾವು. ಬಸ್ಸು ಹತ್ತಿದರೆ ಸಿಗುವ ಕವಲಂದೆಗೆ ನಾನು ಮೊದಲ ಸಲ ಹೋದದ್ದು ಅವರ ಮಣ್ಣಿಗೆ.

ಅವರ ಬಗ್ಗೆ ಯಾರಾದರೂ ಬರೆಯಬೇಕು ಎಂದು ಗುಂಪಿನಲ್ಲಿ ಮಾತಾಯಿತು. ಮ್ಯಾನೇಜರ್ರು ಫೋನ್ ಮಾಡಿದರು. "ನಿಮಗೇ ಅವರು ಹೆಚ್ಚು ಗೊತ್ತು. ನೀವು ಹೇಳ್ತಾ ಹೋಗಿ, ನಾನು ಬರ್ಕೋತೀನಿ. ತಪ್ಪಿರಲ್ಲ." ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು.

"ಬ್ಯಾಡಿ ಸಾ. ತಪ್ಪಾದ್ರೂ ನಾನೇ ಬರೀತೀನಿ" ಎಂದೆ.

ಅಂಗಡಿ ಬಾಗಿಲು ಹಾಕಿಕೊಂಡು ನಾಲ್ಕು ಭಾನುವಾರ ಕೂತಿದ್ದಕ್ಕೆ ಇಷ್ಟಾಗಿದೆ.