ಏಳನೆಯ ಭಾಗದ ಕೊನೆ

ಆ ಸಿನಿಮಾವನ್ನು ನಾನು ಗುಲಬರ್ಗಾದಲ್ಲಿ ನೋಡಿರಲಿಲ್ಲ. ಇದೊಂದು ಖಚಿತ. ಉಳಿದದ್ದರಲ್ಲಿ ಯಾವುದು ನಡೆದದ್ದು, ಯಾವುದು ನಾನೇ ವರ್ಷಗಟ್ಟಲೆ ಮನಸ್ಸಿನಲ್ಲಿ ತಿದ್ದಿಕೊಂಡದ್ದು ಎಂದು ಬೇರ್ಪಡಿಸಲು ಹೋದಾಗಲೆಲ್ಲ ಅನುಮಾನಕ್ಕೆ ಬೀಳುತ್ತೇನೆ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಗುಲಬರ್ಗಾದಲ್ಲಿ ತತ್ವಶಾಸ್ತ್ರದ ಎಂ.ಎ. ಓದುತ್ತಿದ್ದೆ. ಅಣ್ಣ ತಹಶೀಲ್ ಕಚೇರಿಯಲ್ಲಿ ಗುಮಾಸ್ತ. ಅವನಿಗೆ ವರ್ಗವಾದಂತೆ ಮನೆ ಆಳಂದದಿಂದ ಅಫಜಲಪುರಕ್ಕೆ, ಅಲ್ಲಿಂದ ಜೇವರ್ಗಿಗೆ ಹೋಯಿತು. ರಜೆಯಲ್ಲಿ ಊರಿಗೆ ಹೋಗುವುದೆಂದರೆ ನನಗೆ ಅಣ್ಣ, ವೈನಿ ಇದ್ದ ಊರಿಗೆ ಹೋಗುವುದು ಎಂದಷ್ಟೇ ಅರ್ಥ.

ವೈನಿ, ಎಂದರೆ ನನ್ನ ಅತ್ತಿಗೆ, ಆಳಂದದ ಹತ್ತಿರದ ಮಟಕಿಯವರು. ಅವರ ತಂದೆ ಊರ ಮಠದಲ್ಲಿ ಶ್ರಾವಣದ ತಿಂಗಳಿಡೀ ಪುರಾಣ ಓದುತ್ತಿದ್ದರು. ಒಬ್ಬರು ಪದ್ಯ ಓದುವುದು, ಇನ್ನೊಬ್ಬರು ಅರ್ಥ ಹೇಳುವುದು. ಹೆಂಗಸರು ಕಂಬದ ಆಚೆ ಕೂತು ಕೇಳಬೇಕು, ಅಷ್ಟೆ. ಏಳನೆಯ ಇಯತ್ತೆ ಓದಿದ್ದ ವೈನಿ ಹಾಗೆ ಕೇಳಿ ಕೇಳಿಯೇ ಓದುವ ಧಾಟಿಯನ್ನೂ ಅರ್ಥ ಹೇಳುವ ಧಾಟಿಯನ್ನೂ ಕಲಿತಿದ್ದರು. ಆದರೆ ಮಠದಲ್ಲಿ ಅವರನ್ನು ಓದಲು ಕೂರಿಸುವವರು ಯಾರು? ಅವರಿಗೆ ಓದಲು ಸಿಕ್ಕಿದ್ದು ಏಳು ಭಾಗಗಳ ಒಂದು ಮಾಯಾ ಕಾದಂಬರಿ. ಆಳಂದದ ಬಸ್ ನಿಲ್ದಾಣದ ಹತ್ತಿರ ಬಾಡಿಗೆಗೆ ಪುಸ್ತಕ ಕೊಡುವವನೊಬ್ಬನಿದ್ದ. ಅಂಗಡಿ ಮುಚ್ಚುವಾಗ ಅವನು ಮಾರಿಹಾಕಿದ ರಾಶಿಯಿಂದ ಏಳನ್ನೂ ವೈನಿಯೇ ಆರಿಸಿ ತಂದಿದ್ದರು.

ಆ ಕಾದಂಬರಿ ಆಗ ಓದುವವರ ನಡುವೆ ಹೆಸರು ಮಾಡಿತ್ತು. ಸೆರೆಯಲ್ಲಿದ್ದ ರಾಜನನ್ನು ಬಿಡಿಸಲು ರಾಣಿ ತನ್ನ ನೆರಳನ್ನೇ ಮಾಂತ್ರಿಕನಿಗೆ ಕೊಡುತ್ತಾಳೆ. ಬಿಡುಗಡೆಯಾಗಿ ಬಂದ ರಾಜ, ನೆರಳಿಲ್ಲದವಳು ಅಪಶಕುನ ಎಂದು ಅವಳನ್ನು ಅರಮನೆಯಿಂದ ಹೊರಗೆ ಹಾಕುತ್ತಾನೆ. ಅವಳು ನೆರಳನ್ನು ಹುಡುಕುತ್ತ ಏಳು ರಾಜ್ಯ ತಿರುಗುತ್ತಾಳೆ, ಒಂದೊಂದು ಭಾಗಕ್ಕೆ ಒಂದೊಂದು ರಾಜ್ಯ. ಏಳನೆಯ ಭಾಗದ ಕೊನೆಗೆ ಮಾಂತ್ರಿಕನನ್ನು ತನ್ನ ಬುದ್ಧಿಯಿಂದಲೇ ಸೋಲಿಸಿ ನೆರಳು ಪಡೆಯುತ್ತಾಳೆ. ರಾಜ ಪಲ್ಲಕ್ಕಿ ತರುತ್ತಾನೆ. ಅವಳು ಹತ್ತುವುದಿಲ್ಲ. ನಾಲ್ಕು ದಾರಿ ಕೂಡುವಲ್ಲಿ ಅರವಟ್ಟಿಗೆ ಇಟ್ಟುಕೊಂಡು ಹೋಗುವವರಿಗೆ ಬರುವವರಿಗೆ ನೀರು ಕೊಡುತ್ತ ಉಳಿಯುತ್ತಾಳೆ.

ಅಫಜಲಪುರದ ಮನೆಯಲ್ಲಿ ಮಧ್ಯಾಹ್ನದ ಊಟ ಮುಗಿದ ಮೇಲೆ ಓಣಿಯ ಹೆಂಗಸರು ಕೌದಿ ಹೊಲಿಯುವ ನೆವದಲ್ಲಿ ಬಂದು ಕೂರುತ್ತಿದ್ದರು. ಅವರಲ್ಲಿ ಹೆಚ್ಚಿನವರಿಗೆ ಓದು ಬಾರದು. ವೈನಿ ಒಂದು ವಾಕ್ಯ ಓದಿ, "ಅಂದ್ರ ಏನಾತು ನೋಡ್ರಿ" ಎಂದು ಅರ್ಥ ಹೇಳಿ ಮುಂದಕ್ಕೆ ಹೋಗುತ್ತಿದ್ದರು. ಒಂದೊಂದು ಭಾಗ ಮುಗಿದಾಗ ಪುರಾಣಕ್ಕೆ ಮಾಡಿದಂತೆಯೇ ಮಂಗಲ: ಪುಸ್ತಕಕ್ಕೆ ಅರಿಷಿಣ ಕುಂಕುಮ, ಒಂದು ತೆಂಗಿನಕಾಯಿ, ಎಲ್ಲರಿಗೂ ಚುರುಮುರಿ. ಇದನ್ನು ಮೊದಲ ಸಲ ಕಂಡಾಗ ನಾನು ನಕ್ಕಿದ್ದೆ.

ಎಲ್ಲರಿಗಿಂತ ಮುಂದೆ ಕೂರುತ್ತಿದ್ದವರು ಎದುರು ಮನೆಯ ಗೌಡಸಾನಿ ಆಯಿ. ಭೀಮಾ ದಂಡೆಯ ಮಣ್ಣೂರಿನವರು, ಎಪ್ಪತ್ತು ದಾಟಿದವರು, ನಾಲಿಗೆ ಮಾತ್ರ ಹರಿತ.

"ಯಾಕ ನಗ್ತಿಯೋ ಯಪ್ಪಾ? ನಿಮ್ಮ ಕಾಲೇಜಿನಾಗ ಪುಸ್ತಕ ಮುಗದ್ರ ಕಾಯಿ ಒಡಿಯಂಗಿಲ್ಲೇನು?"

"ಇಲ್ರಿ ಆಯಿ. ಪರೀಕ್ಷಾ ಕೊಡ್ತೇವಿ."

"ಅದಕ್ಕ ನಿಮಗ ತಲ್ಯಾಗ ನಿಂದ್ರಂಗಿಲ್ಲ" ಎಂದರು. ಹೆಂಗಸರೆಲ್ಲ ನಕ್ಕರು.

ನಾನು ನಾಸ್ತಿಕನೆಂದು ಹೇಳಿಕೊಂಡು ತಿರುಗುತ್ತಿದ್ದ ಕಾಲ ಅದು. ಕಂಡದ್ದನ್ನಷ್ಟೇ ನಂಬಬೇಕು, ಕೇಳಿದ ಮಾತನ್ನು ಪರೀಕ್ಷಿಸಬೇಕು ಎಂದು ವೈನಿಗೆ, ಕೌದಿ ಹೊಲಿಯುವವರಿಗೆಲ್ಲ ಭಾಷಣ ಮಾಡುತ್ತಿದ್ದೆ. ಅವರು ಅದನ್ನೂ ಕೇಳಿಸಿಕೊಳ್ಳುತ್ತಿದ್ದರು.

ಏಳನೆಯ ಭಾಗಕ್ಕೆ ಮಂಗಲವಾದ ಕೆಲವೇ ತಿಂಗಳಿಗೆ ಆ ಏಳು ಭಾಗಗಳನ್ನೂ ಸೇರಿಸಿ ಮಾಡಿದ ಸಿನಿಮಾ ಬಂತು. ಮೊದಲು ಗುಲಬರ್ಗಾಕ್ಕೆ, ಆಮೇಲೆ, ನನ್ನ ರಜೆಯ ಹೊತ್ತಿಗಷ್ಟೇ, ಅಫಜಲಪುರದ ತಗಡಿನ ಟಾಕೀಸಿಗೆ. ರಜೆಗೆ ಬಂದ ದಿನವೇ ವೈನಿ ಕೇಳಿದರು:

"ಗುಲಬರ್ಗಾದಾಗ ನೀ ನೋಡಿರಬೇಕಲ್ಲ. ಹೆಂಗದ? ಕೊನಿ ಹಾಂಗ ಇಟ್ಟಾರೇನು?"

ಟಾಕೀಸಿನವನು ಒಂದು ಮಾತು ಹೇಳಿ ಕಳಿಸಿದ್ದನಂತೆ. ಓಣಿಯ ಹೆಂಗಸರೆಲ್ಲ ಕೂಡಿ ಬರುವುದಾದರೆ ಶುಕ್ರವಾರ ಮಧ್ಯಾಹ್ನ ಅವರಿಗಾಗಿಯೇ ಒಂದು ಆಟ ಹಾಕುತ್ತೇನೆ ಎಂದು. ಗಂಡಸರು ಒಪ್ಪಬೇಕಾದರೆ ಅದು ಕುಟುಂಬದೊಂದಿಗೆ ನೋಡುವ ಚಿತ್ರವೆಂದು ನೋಡಿದವರು ಯಾರಾದರೂ ಹೇಳಬೇಕಿತ್ತು.

ನಾನು ನೋಡಿರಲಿಲ್ಲ. ಅಂಥ ಸಿನಿಮಾಕ್ಕೆ ಸಾಲಿನಲ್ಲಿ ನಿಲ್ಲುವುದು ನನ್ನಂಥವನಿಗೆ ತಕ್ಕದ್ದಲ್ಲವೆಂದುಕೊಂಡಿದ್ದೆ. ನೋಡಿಲ್ಲವೆಂದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಇವರಿಗೆಲ್ಲ ನಾನೇ ಸಾಕ್ಷಿಯಾಗುವೆನೆಂಬ ಹಮ್ಮೋ, ವೈನಿಯ ಮುಖ ನೋಡಿ ಬಂದ ದಾಕ್ಷಿಣ್ಯವೋ, ಇಂದಿಗೂ ಗೊತ್ತಾಗದು.

"ನೋಡೇನಿ, ವೈನಿ. ಪುಸ್ತಕ ಇದ್ದಾಂಗ ಅದ. ಕೊನೀನೂ ಅದ."

ಅಣ್ಣನಿಗೂ ಅದನ್ನೇ ಹೇಳಿದೆ.

ಶುಕ್ರವಾರ ಮೂವತ್ತೋ ನಲವತ್ತೋ ಹೆಂಗಸರು ಮದುವೆಗೆ ಹೊರಟಂತೆ ಇಳಕಲ್ ಸೀರೆ ಉಟ್ಟು ಹೊರಟರು. ಕರೆದುಕೊಂಡು ಹೋಗುವವನು ನಾನೇ. ಟಾಕೀಸಿನಲ್ಲಿ ಗಂಡಸರ ಕಡೆಗೆ ನಾನೊಬ್ಬನೇ, ನಡುವೆ ಒಂದು ಬಟ್ಟೆಯ ಪರದೆ. ಪರದೆಯ ಆಚೆಯಿಂದ ಮೊದಲು ಗುಸುಗುಸು, ನಗು. ಪುಸ್ತಕದಲ್ಲಿದ್ದ ಏಳು ರಾಜ್ಯಗಳು ಎರಡಾಗಿದ್ದವು. ನಡೆದು ನಡೆದು ಕಾಲು ಬೊಬ್ಬೆಯೆದ್ದ ರಾಣಿ ಎಲ್ಲಿಯೂ ಇರಲಿಲ್ಲ. ಅವಳನ್ನು ಗುಹೆಯಲ್ಲಿ ಕಂಬಕ್ಕೆ ಕಟ್ಟಿಹಾಕಿದ್ದರು. ಮಾಂತ್ರಿಕನ ಮುಂದೆ ಅರೆಬಟ್ಟೆಯ ಹೆಂಗಸರು ಕುಣಿದರು. ಆಗ ಪರದೆಯ ಆಚೆ ಎಲ್ಲ ಸದ್ದೂ ನಿಂತಿತು. ಕತ್ತಿ ಹಿಡಿದು ಬಂದ ರಾಜನೇ ಮಾಂತ್ರಿಕನನ್ನು ಕೊಂದ, ರಾಜನೇ ನೆರಳು ತಂದುಕೊಟ್ಟ. ರಾಣಿ ಅವನ ಕಾಲಿಗೆ ಬಿದ್ದಳು. ಮೇಲಿಂದ ಹೂವು ಬಿದ್ದವು.

ಹೊರಗೆ ಬಂದಾಗ ಬಿಸಿಲು ಕಣ್ಣಿಗೆ ಹೊಡೆಯಿತು. ವೈನಿ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಏನು ಮಾಡುತ್ತಿದ್ದೆನೋ.

ನಾನು ಹೆದರಿದ್ದು ಕುಣಿತದ ಬಗ್ಗೆ. ಹೆಂಗಸರನ್ನು ಇಂಥದಕ್ಕೆ ಕರೆದೊಯ್ದೆನೆಂದು ಅಣ್ಣ ಬೈಯುತ್ತಾನೆ ಎಂದು. ಮರುದಿನ ಮಧ್ಯಾಹ್ನ ಬಂದ ಮಾತೇ ಬೇರೆ. ಗೌಡಸಾನಿ ಆಯಿ ಕೌದಿ ತರದೆ ಬರಿಗೈಯಲ್ಲಿ ಬಂದು ಕೂತರು. ಹಿಂದೆ ಉಳಿದವರು.

"ಏನ್ಬೇ ಯವ್ವಾ, ನೀ ನಮಗ ಓದಿದ್ದು ಏನು?" ಎಂದು ವೈನಿಯನ್ನು ಕೇಳಿದರು. "ರಾಣಿ ಗಂಡನ ಮನಿಗಿ ಹೋಗಲಿಲ್ಲ, ನೀರ ಕೊಟಗೋತ ಕುಂತಳು ಅಂದಿ. ನಾವು ಕಣ್ಣಿಲೆ ಕಂಡೀವಿ. ಹೋದಳು."

"ಆಯಿ, ಸಿನಿಮಾದವರು ಬದಲ ಮಾಡ್ಯಾರ. ಪುಸ್ತಕದಾಗ ನಾ ಓದಿದ್ದ ಅದ."

"ಅಷ್ಟ ರೊಕ್ಕ ಹಾಕಿ ತಗದವರು ಸುಳ್ಳ ತಗೀತಾರೇನು? ನಾ ಮಣ್ಣೂರಿಗಿ ಹೋಗಿ ಹೊಳೀ ದಂಡ್ಯಾಗ ಎಲ್ಲಾರ ಮುಂದ ಈ ಕತಿ ಹೇಳಿ ಬಂದೇನಿ. ಈಗ ಅವರೂ ಸಿನಿಮಾ ನೋಡ್ತಾರ. ನನ್ನ ಮಾತು ಹ್ವಾದ್ರ ಹೋಗ್ಲಿ. ಇದಕ್ಕ ಮಂಗಲ ಮಾಡೀವಿ, ಕಾಯಿ ಒಡದೀವಿ. ಇಲ್ಲದ್ದು ಓದಿ ಮಂಗಲ ಮಾಡಿಸಿದ್ರ ಅದರ ಪಾಪ ಕೇಳಿದವರಿಗೂ ಬರ್ತದ."

ನಾನು ಪಡಸಾಲೆಯಲ್ಲಿ ಕೂತಿದ್ದೆ. ಏಳೂ ಭಾಗಗಳು ನನ್ನ ತಲೆಯ ಮೇಲಿನ ಗೂಡಿನಲ್ಲಿದ್ದವು. ಹಿಂದಿನ ರಜೆಯಲ್ಲಿ ಕೊನೆಯ ಭಾಗವನ್ನು ನಾನೇ ಎರಡು ಸಲ ಓದಿದ್ದೆ. ಹಾಗೆಂದು ಈ ಹೆಂಗಸರ ಮುಂದೆ ನಗುತ್ತ ಹೇಳಿಯೂ ಇದ್ದೆ.

ಆಯಿ ನನ್ನತ್ತ ತಿರುಗಿದರು. "ನೀ ಶಾಣ್ಯಾ ಇದ್ದಿ, ಹೇಳು ಯಪ್ಪಾ. ನೀ ಪುಸ್ತಕಾನೂ ಓದಿದಿ, ಸಿನಿಮಾನೂ ನೋಡಿದಿ. ಎರಡೂ ಒಂದ ಅದಾವ ಅಂದಿದ್ದಿ. ಪುಸ್ತಕದಾಗ ಏನದ?"

ಲೆಕ್ಕ ಸರಳವಿತ್ತು. ವೈನಿ ಓದಿದ್ದೇ ಸರಿಯೆಂದರೆ ನಾನು ಸಿನಿಮಾ ನೋಡದೆ ಸುಳ್ಳು ಹೇಳಿದವನಾಗುತ್ತೇನೆ. ಒಳಗಿನ ಕೋಣೆಯಲ್ಲಿ ಅಣ್ಣ ಮಲಗಿದ್ದ. ವೈನಿ ಈಗ ನನ್ನನ್ನು ನೋಡುತ್ತಿದ್ದರು. ಕೋಪವಿರಲಿಲ್ಲ. ಆ ನೋಟದಲ್ಲಿ ಸಂಶಯವೂ ಇರಲಿಲ್ಲವೆಂದು ನನಗೆ ಈಗ ಅನ್ನಿಸುತ್ತದೆ. ನನ್ನ ನೆನಪಿನ ಮೇಲೆ ನನಗೆ ನಂಬಿಕೆ ಕಡಿಮೆ, ಈ ನೋಟವೊಂದನ್ನಾದರೂ ನಾನು ಕಲ್ಪಿಸಿಕೊಂಡಿರಲಿ ಎಂದು ಎಷ್ಟೋ ಸಲ ಬಯಸಿದ್ದೇನೆ.

"ಪುಸ್ತಕಕ್ಕ ಬ್ಯಾರೆ ಬ್ಯಾರೆ ಅಚ್ಚು ಇರ್ತಾವ್ರಿ ಆಯಿ" ಎಂದೆ. "ಒಂದ್ರಾಗ ಒಂದು ಇರ್ತದ, ಇನ್ನೊಂದ್ರಾಗ ಇನ್ನೊಂದು. ನಾ ಓದಿದ್ದು ಯಾವ ಅಚ್ಚೋ ನೆನಪಿಲ್ಲ."

ಆಯಿ ನಿಧಾನವಾಗಿ ಎದ್ದರು. ಉಳಿದವರೂ ಎದ್ದರು. ಯಾರೂ ಜಗಳವಾಡಲಿಲ್ಲ. ಮರುದಿನದಿಂದ ಕೌದಿ ಹೊಲಿಯಲು ಅವರು ಬೇರೆ ಮನೆಯಲ್ಲಿ ಕೂಡತೊಡಗಿದರು. ಆ ರಜೆಯ ಉಳಿದ ದಿನಗಳಲ್ಲಿ ವೈನಿ ಮಧ್ಯಾಹ್ನ ತೊಗರಿ ಹಸನು ಮಾಡುತ್ತ ಒಬ್ಬರೇ ಕೂತಿರುತ್ತಿದ್ದರು. ನಾನು ಓದಿನ ನೆಪ ಹೇಳಿ ಬೇಗನೆ ಗುಲಬರ್ಗಾಕ್ಕೆ ಹೋದೆ.

ಒಂದು ವರ್ಷದೊಳಗೆ ಅಣ್ಣನಿಗೆ ಜೇವರ್ಗಿಗೆ ವರ್ಗವಾಯಿತು. ಅಲ್ಲಿಗೆ ಹೋದ ಮೊದಲ ರಜೆಯಲ್ಲಿ ನಾನು ವೈನಿಗೆ ಹೇಳದೆ ಏಳನೆಯ ಭಾಗವನ್ನು ಚೀಲದಲ್ಲಿಟ್ಟುಕೊಂಡು ಅಫಜಲಪುರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕೊನೆಯ ಪುಟ ತೆಗೆದು ತೆಗೆದು ನೋಡಿದೆ. ರಾಣಿ ಪಲ್ಲಕ್ಕಿ ಹತ್ತಿರಲಿಲ್ಲ. ಪುಸ್ತಕ ಮುಚ್ಚಿದರೆ ಮಾತ್ರ ಕಣ್ಣ ಮುಂದೆ ಅವಳು ಕಾಲಿಗೆ ಬೀಳುತ್ತಿದ್ದಳು, ಹೂವು ಬೀಳುತ್ತಿದ್ದವು.

ಗೌಡಸಾನಿ ಆಯಿ ಕಟ್ಟೆಯ ಮೇಲೆ ಕೂತಿದ್ದರು. ನೀರು ಕೊಟ್ಟರು, ಬೆಲ್ಲ ಕೊಟ್ಟರು. ನಾನು ಸುಳ್ಳು ಹೇಳಿದ್ದನ್ನು ಒಪ್ಪಿಕೊಂಡು ಕೊನೆಯ ಎರಡು ಪುಟ ಓದಿದೆ. ಅವರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

"ಓದಿದಿ, ಚಲೋ ಆತು. ಖರೇನೂ ಇರಬಹುದು. ಆದ್ರ ಅವತ್ತ ಕೇಳಿದಾಗ ಈ ಪುಸ್ತಕ ನಿಮ್ಮ ಮನ್ಯಾಗ ಇರ್ಲಿಲ್ಲೇನು?"

"ಇತ್ರಿ."

"ಅವತ್ತ ಒಂದು ಹೇಳ್ದಿ, ಇವತ್ತ ಒಂದು ಓದ್ತಿ. ನಾಳಿಗಿ ಮತ್ತೊಂದು ಅಚ್ಚು ತರ್ತಿ. ನನಗ ಅಕ್ಷರ ಬರಂಗಿಲ್ಲ ಯಪ್ಪಾ. ವೈನಿ ಮರ್ಯಾದಿ ಸಲುವಾಗಿ ಬಂದೀದಿ, ಅದೂ ಚಲೋನ. ಕುಂದ್ರು, ಉಂಡು ಹೋಗು."

ಉಣ್ಣದೆ ಬರಲು ಆಗಲಿಲ್ಲ. ಉಂಡು ಸಂಜೆಯ ಬಸ್ಸು ಹಿಡಿದೆ.

ಜೇವರ್ಗಿಗೆ ಬಂದಾಗ ವೈನಿ ಗೂಡಿನಲ್ಲಿ ಖಾಲಿಯಾಗಿದ್ದ ಜಾಗವನ್ನು ಕಂಡಿದ್ದರು. ಪುಸ್ತಕವನ್ನು ಕೈಗೆ ಕೊಟ್ಟು ನಡೆದದ್ದೆಲ್ಲ ಹೇಳಿದೆ. ಗುಲಬರ್ಗಾದಲ್ಲಿ ಸಿನಿಮಾ ನೋಡದೆಯೇ ನೋಡಿದೆನೆಂದದ್ದನ್ನೂ ಹೇಳಿದೆ.

"ಅದು ನನಗ ಅವತ್ತ ಗೊತ್ತಾಗಿತ್ತು" ಎಂದರು ವೈನಿ. "ಸಿನಿಮಾ ನೋಡಿ ಬಂದಾಂವ ಒಂದ ಹಾಡಿನ ಸುದ್ದೀನೂ ಹೇಳಲಿಲ್ಲ."

"ಮತ್ತ ಯಾಕ ಎಲ್ಲಾರ್ನೂ ಹೊರಡಿಸಿದ್ರಿ?"

"ನನಗೂ ನೋಡೂ ಆಸಿ ಇತ್ತಪ್ಪಾ. ನಿನ್ನ ಸುಳ್ಳಿನಿಂದ ನನಗೂ ಅನುಕೂಲ ಆತು." ಪುಸ್ತಕದ ಅಂಚನ್ನು ಸೆರಗಿನಿಂದ ಒರೆಸಿದರು. "ಅದಕ್ಕ ಸಿಟ್ಟಿಲ್ಲ. ಆಯಿ ಕೇಳಿದಾಗ ನಾ ಓದಿದ್ದು ಹೌದು ಅಂತಿ ಅಂತ ತಿಳ್ಕೊಂಡಿದ್ದೆ. ಈಗ ಆಯಿ ಮನಿಗಿ ಹೋಗಿ ಬಂದಿ. ಮೊದಲ ನನಗರೆ ಹೇಳಬೇಕೋ ಬ್ಯಾಡೋ?"

ಅಷ್ಟರಲ್ಲಿ ಪಕ್ಕದ ಮನೆಯಾಕೆ ಹೊಸ್ತಿಲಲ್ಲಿ ಬಂದು ನಿಂತಳು. ಯಡ್ರಾಮಿಯ ತವರಿನಿಂದ ಬಂದ ಕಾಗದವೊಂದು ಕೈಯಲ್ಲಿತ್ತು, ಕಣ್ಣು ವೈನಿಯ ಕೈಯಲ್ಲಿದ್ದ ಪುಸ್ತಕದ ಮೇಲೆ.

"ಅಕ್ಕಾರ, ಇದೊಂದು ಓದಿ ಹೇಳ್ರಿ. ನಮ್ಮ ಅಣ್ಣ ಬರಸ್ಯಾನ."

ವೈನಿ ಏಳನೆಯ ಭಾಗವನ್ನು ಮಡಿಲಲ್ಲಿ ಮಗುಚಿಟ್ಟುಕೊಂಡರು.

"ನನಗ ಓದಾಕ ಬರಂಗಿಲ್ರಿ" ಎಂದರು. "ನಮ್ಮ ಮೈದುನ ದೊಡ್ಡ ಓದು ಓದ್ಯಾನ. ಅಂವಗ ಕೊಡ್ರಿ."

ಆಕೆ ಕಾಗದವನ್ನು ನನಗೆ ಕೊಟ್ಟು ಬಾಗಿಲಲ್ಲೇ ಕೂತಳು. ತಾಯಿಗೆ ಮೈಯಲ್ಲಿ ಸರಿಯಿಲ್ಲ, ಎಮ್ಮೆ ಈದಿದೆ, ಬಂದು ಹೋಗು ಎಂದು ಬರೆದಿತ್ತು. ನಾನು ಒಂದಕ್ಷರವನ್ನೂ ಬಿಡದೆ, ಒಂದಕ್ಷರವನ್ನೂ ಸೇರಿಸದೆ ಓದಿದೆ. ಮುಗಿದ ಮೇಲೂ ಆಕೆ ಏಳಲಿಲ್ಲ.

"ಇಷ್ಟ ಅದ ಏನ್ರಿ?" ಎಂದು ಕೇಳಿದಳು. ಕೇಳಿದ್ದು ನನ್ನನ್ನಲ್ಲ, ವೈನಿಯನ್ನು.

ವೈನಿ ಕಾಗದದತ್ತ ನೋಡಲೇ ಇಲ್ಲ. "ನನಗೇನು ಗೊತ್ತಾಗ್ತದ್ರಿ" ಎಂದು ಒಲೆಯ ಕಡೆಗೆ ಎದ್ದು ಹೋದರು.