ಫ್ಯಾನಿನ ಕೆಳಗೆ ಹತ್ತು ನಿಮಿಷ

“ಅಣ್ಣಾರ, ಈ ಫೋನ್ ಜರಾ ಫ್ರಿಜ್‌ನಾಗ ಇಡ್ರಿ. ಊರಾಗ ನಮ್ಮವ್ವನ್ನ ಮಣ್ಣು ಮಾಡಾಕತ್ತಾರ.”

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಹೋಟೆಲಿಗೆ ಮಧ್ಯಾಹ್ನ ಓಡಿಬಂದ ಕಲಬುರಗಿಯ ಗಾರೆ ಕೆಲಸದವನು ಫೋನನ್ನು ನನ್ನತ್ತ ಚಾಚಿದ. ಬಿಸಿಲಲ್ಲಿ ನಿಂತು ವಿಡಿಯೋ ಕಾಲ್‌ನಲ್ಲಿ ತಾಯಿಯ ಅಂತ್ಯಸಂಸ್ಕಾರ ನೋಡುತ್ತಿದ್ದಾಗ ಫೋನ್ ಕಾದು ಬಂದ್ ಆಗಿತ್ತು.

“ಫ್ರಿಜ್ಜಲ್ಲಿಟ್ರೆ ಒಳಗೆ ನೀರು ಕೂರ್ತದೆ ಮಾರಾಯ,” ಎಂದು ಬುದ್ಧಿ ಹೇಳಿ, ಕವರ್ ಬಿಚ್ಚಿಸಿ ಫ್ಯಾನಿನ ಕೆಳಗೆ ಇಡಿಸಿದೆ. ಹತ್ತು ನಿಮಿಷಕ್ಕೆ ಅದು ಆನ್ ಆಯಿತು. ಊರಿನಿಂದ ಅವನ ತಮ್ಮ ತೋರಿಸಿದ್ದು ಹೂವು ಹಾಕಿದ ಮಣ್ಣಿನ ಗುಡ್ಡೆಯನ್ನು. ಅವನು ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ನೋಡುತ್ತಾ ನಿಂತ. ಆಮೇಲೆ ನನಗೆ ಕೈಮುಗಿದು ಹೋದ.

ನಾನು ಹೇಳಿದ್ದೇನೋ ಸರಿಯೇ. ಆದರೆ ಆ ಹತ್ತು ನಿಮಿಷವೂ ನನ್ನ ಫೋನ್ ಕೌಂಟರಿನ ಮೇಲೆ ಸುಮ್ಮನೆ ಬಿದ್ದಿತ್ತು. ತಮ್ಮನ ನಂಬರ್ ನೆನಪಿದೆಯಾ ಎಂದು ಕೇಳಲು ನನಗೆ ಹೊಳೆಯಲೇ ಇಲ್ಲ.